ಚಕ್ರದ ಐಸ್ ಬಾಕ್ಸ್ ಕೊಳ್ಳುವ ಮುನ್ನ, ಕಳೆದ ಸಲದ ಐಸ್ ಎಲ್ಲಿ ಹೋಯಿತು?

ಪ್ರಶ್ನೆ: ನಾವು ಮಂಡ್ಯದವರು. ಎರಡು ಮನೆ ಸೇರಿ ಎಂಟು ಜನ. ತಿಂಗಳು ಎರಡು ತಿಂಗಳಿಗೊಮ್ಮೆ ತಲಕಾಡು, ಮುತ್ತತ್ತಿ, ಶಿವನಸಮುದ್ರ, ಮೇಲುಕೋಟೆ ಅಂತ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುತ್ತೇವೆ. ಕಳೆದ ಏಪ್ರಿಲ್‌ನಲ್ಲಿ ಥರ್ಮೋಕೋಲ್ ಪೆಟ್ಟಿಗೆಗೆ ಒಂದು ಲೀಟರಿನ 12 ನೀರಿನ ಬಾಟಲಿ, ಮೊಸರನ್ನ, ಹಣ್ಣು ತುಂಬಿ ಮೇಲೆ 5 ಕೆ.ಜಿ. ಐಸ್ ಸುರಿದಿದ್ದೆವು. 7 ಗಂಟೆಗೆ ಹೊರಟು 1 ಗಂಟೆಗೆ ತೆರೆದರೆ ಐಸ್ ಪೂರ್ತಿ ನೀರು, ಮೊಸರನ್ನ ಹುಳಿ, ಪೆಟ್ಟಿಗೆಯ ಮೂಲೆ ಬಿರುಕು. ಈಗ ಚಕ್ರ ಇರುವ ಒಳ್ಳೆಯದೊಂದನ್ನು ಕೊಳ್ಳೋಣ ಎಂದುಕೊಂಡಿದ್ದೇವೆ. ಅಂಗಡಿಯಲ್ಲಿ ಎರಡು ತೋರಿಸಿದರು. 60 ಲೀಟರಿನದು 4,500 ರೂಪಾಯಿ, 45 ಲೀಟರಿನದು 7,800. ದೊಡ್ಡದರ ಮೇಲೆ ‘5 ದಿನ ಐಸ್ ಉಳಿಯುತ್ತದೆ’ ಎಂದು ಬರೆದಿದೆ. ನನಗೆ ಸೊಂಟ ನೋವು, ಭಾರ ಎತ್ತುವಂತಿಲ್ಲ. ತಂದೆಯವರ ಇನ್ಸುಲಿನ್ ಕೂಡ ಜೊತೆಗಿರುತ್ತದೆ. ಇದೆಲ್ಲ ಬೇಡ, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟ್ ಪೆಟ್ಟಿಗೆ ತಗೊಳ್ಳಿ ಅನ್ನುತ್ತಾನೆ ಭಾವಮೈದ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಅಂಟಿಕೊಂಡಿವೆ. ಒಂದು, ತಂಪು ನಿಲ್ಲಲಿಲ್ಲ ಎನ್ನುವುದು. ಇನ್ನೊಂದು, ಭಾರ ಹೊರಲಾಗದು ಎನ್ನುವುದು. ಚಕ್ರ ಎರಡನೆಯದಕ್ಕೆ ಮಾತ್ರ ಉತ್ತರ, ಅದೂ ಅರ್ಧ. ಮೊದಲನೆಯದಕ್ಕೂ ಹೊಸ ಪೆಟ್ಟಿಗೆಗೂ ನೀವು ಅಂದುಕೊಂಡಷ್ಟು ಸಂಬಂಧವಿಲ್ಲ. ಹಾಗಾಗಿ ಮೊದಲು ಆ 5 ಕೆ.ಜಿ. ಐಸಿನ ಲೆಕ್ಕ ನೋಡೋಣ.

ಒಂದು ಕೆ.ಜಿ. ಐಸ್ ಕರಗಿ ನೀರಾಗಲು ಹೀರುವ ಶಾಖ, ಒಂದು ಲೀಟರ್ ನೀರನ್ನು 80 ಡಿಗ್ರಿ ತಣಿಸುವಷ್ಟು. ಈ 80 ಒಂದನ್ನು ನೆನಪಿಟ್ಟುಕೊಂಡರೆ ಮಿಕ್ಕ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡಬಹುದು. ನಿಮ್ಮ ಬಾಟಲಿಗಳು ಅಡುಗೆಮನೆಯ ನೆಲದಿಂದ ನೇರ ಪೆಟ್ಟಿಗೆಗೆ ಬಂದಿದ್ದರೆ ಏಪ್ರಿಲ್‌ನಲ್ಲಿ 29 ಡಿಗ್ರಿ ಆಸುಪಾಸು ಇರುತ್ತವೆ. ಅವನ್ನು 3 ಡಿಗ್ರಿಗೆ ಇಳಿಸಬೇಕೆಂದರೆ 26 ಡಿಗ್ರಿ ಇಳಿಸಬೇಕು. 26ನ್ನು 80ರಿಂದ ಭಾಗಿಸಿದರೆ ಬಾಟಲಿಗೆ 325 ಗ್ರಾಂ ಐಸ್. ಹನ್ನೆರಡಕ್ಕೆ 3.9 ಕೆ.ಜಿ. ತಂದದ್ದೇ 5 ಕೆ.ಜಿ.! ಉಳಿದ ಒಂದು ಕೆ.ಜಿ. ಚಿಲ್ಲರೆಯಲ್ಲಿ ಪೆಟ್ಟಿಗೆಯ ಗೋಡೆಯಿಂದ ನುಗ್ಗುವ ಶಾಖವನ್ನೂ, ಬೆಚ್ಚಗಿನ ಮೊಸರನ್ನವನ್ನೂ ತಡೆಯಬೇಕಿತ್ತು. ಎರಡು ಸೆಂ.ಮೀ. ಗೋಡೆಯ ಥರ್ಮೋಕೋಲ್ ಪೆಟ್ಟಿಗೆ ಬಿಸಿಲುಗಾಲದಲ್ಲಿ ಗಂಟೆಗೆ ಸುಮಾರು ಅರ್ಧ ಕೆ.ಜಿ. ಐಸ್ ನುಂಗುತ್ತದೆ. ಆರು ಗಂಟೆಗೆ ಮೂರು ಕೆ.ಜಿ. ಹೀಗಿರುವಾಗ 1 ಗಂಟೆಗೆ ಐಸ್ ಉಳಿದಿರಲು ಸಾಧ್ಯವೇ ಇರಲಿಲ್ಲ.

ಅದೇ ಬಾಟಲಿಗಳನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಂಡು ತುಂಬಿದ್ದರೆ, ಅದೇ ಹಳೆಯ ಪೆಟ್ಟಿಗೆಯಲ್ಲಿ ಊಟದ ಹೊತ್ತಿಗೆ ಒಂದೂವರೆ ಕೆ.ಜಿ. ಐಸ್ ಉಳಿದಿರುತ್ತಿತ್ತು. ಹೊಸ ಪೆಟ್ಟಿಗೆ ಬೇಡ ಎನ್ನುತ್ತಿಲ್ಲ, ಮೂಲೆ ಬಿರಿದ ಥರ್ಮೋಕೋಲನ್ನು ಎಸೆಯಲೇಬೇಕು. ಆದರೆ ಬೆಚ್ಚಗಿನ ಬಾಟಲಿ ತುಂಬುವ ರೂಢಿ ಹೋಗದಿದ್ದರೆ 7,800 ರೂಪಾಯಿಯ ಪೆಟ್ಟಿಗೆಯೂ ನಿಮ್ಮನ್ನು ನಿರಾಸೆಗೊಳಿಸುತ್ತದೆ.

ಈ ಲೆಕ್ಕ ಹಿಡಿದರೆ ಚಾಲ್ತಿಯಲ್ಲಿರುವ ಎಷ್ಟೋ ನಂಬಿಕೆಗಳು ತಾವಾಗಿಯೇ ಉದುರುತ್ತವೆ. ‘ಪದೇ ಪದೇ ಮುಚ್ಚಳ ತೆಗೀಬೇಡಿ, ತಂಪೆಲ್ಲ ಹೋಗುತ್ತೆ’ ಎಂದು ಮಕ್ಕಳನ್ನು ಗದರುತ್ತೇವಲ್ಲ. ಮೇಲೆ ತೆರೆಯುವ ಪೆಟ್ಟಿಗೆಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ತಳದಲ್ಲೇ ಕೂತಿರುತ್ತದೆ. ಒಳಗಿನ ಗಾಳಿ ಪೂರ್ತಿ ಬದಲಾಯಿತು ಎಂದೇ ಇಟ್ಟುಕೊಂಡರೂ, ಹೊಸ ಗಾಳಿಯನ್ನೂ ಅದರ ತೇವವನ್ನೂ ತಣಿಸಲು 10 ಗ್ರಾಂ ಐಸ್ ಸಾಕು. ಮೂವತ್ತು ಸಲ ತೆಗೆದರೂ 300 ಗ್ರಾಂ, ಅಂದರೆ ಒಂದು ಬೆಚ್ಚಗಿನ ಬಾಟಲಿ ಒಳಗಿಟ್ಟಷ್ಟೇ ನಷ್ಟ. ಮುಚ್ಚಳ ತೆರೆದೇ ಇಟ್ಟು ಹರಟೆ ಹೊಡೆಯುವುದು ಬೇರೆ ವಿಷಯ. ಅದು ಬೇಡ.

ಐಸಿನ ಮೇಲೆ ಉಪ್ಪು ಹಾಕಿದರೆ ಹೆಚ್ಚು ಹೊತ್ತು ಇರುತ್ತದೆ ಎನ್ನುವುದು ಇನ್ನೊಂದು. ಉಪ್ಪು ಐಸನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸುತ್ತದೆ, ನಿಜ. ಆದರೆ ಐಸ್ ಇನ್ನೂ ಬೇಗ ಕರಗುವುದರಿಂದಲೇ ಹಾಗಾಗುತ್ತದೆ. ಕುಲ್ಫಿ ಮಾಡುವವರಿಗೆ ಅದು ಬೇಕು, ನಿಮಗೆ ಬೇಡ. ನೀಲಿ ಜೆಲ್ ಪ್ಯಾಕಿನ ವಿಷಯವೂ ಇಷ್ಟೇ. ಒಳಗಿರುವುದು ಬಹುಪಾಲು ನೀರು, ಗಟ್ಟಿಯಾಗಲು ಒಂದಿಷ್ಟು ಪುಡಿ. ಸೋರುವುದಿಲ್ಲ, ಮತ್ತೆ ಮತ್ತೆ ಬಳಸಬಹುದು ಎನ್ನುವ ಅನುಕೂಲವಿದೆ. ಆದರೆ ತೂಕಕ್ಕೆ ತೂಕ ಹಿಡಿದರೆ ಮಂಜುಗಟ್ಟಿದ ನೀರಿನ ಬಾಟಲಿಗಿಂತ ಹೆಚ್ಚು ತಂಪನ್ನು ಅದು ಎಲ್ಲಿಂದಲೂ ತರಲಾರದು. ಸಂಜೆ ಹೊತ್ತಿಗೆ ಕುಡಿಯಲೂ ಬರುವುದಿಲ್ಲ. ಕರಗಿದ ನೀರನ್ನು ಆಗಾಗ ಹೊರಗೆ ಬಿಡಬೇಕೆ ಎಂದು ಬಹಳ ಜನ ಕೇಳುತ್ತಾರೆ. ಒಂದು ದಿನದ ತಿರುಗಾಟಕ್ಕೆ ಬೇಕಿಲ್ಲ. ಸೊನ್ನೆ ಡಿಗ್ರಿಯ ಆ ನೀರು ಬಾಟಲಿಯನ್ನು ಸುತ್ತುವರಿದರೆ ಐಸಿನ ತುಂಡಿಗಿಂತ ಬೇಗ ತಣಿಸುತ್ತದೆ. ಊಟದ ಡಬ್ಬಿ ಅದರಲ್ಲಿ ಮುಳುಗಬಾರದು, ಅಷ್ಟೇ.

‘5 ದಿನ’ದ ಬರಹದ ಬಗ್ಗೆ ಸಿಟ್ಟಾಗಬೇಡಿ, ಅದು ಪೂರ್ತಿ ಸುಳ್ಳೂ ಅಲ್ಲ. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯ ತುಂಬ ಐಸ್ ತುಂಬಿ, 32 ಡಿಗ್ರಿ ಆಸುಪಾಸಿನ ನೆರಳಿನ ಕೋಣೆಯಲ್ಲಿ ಮುಚ್ಚಿಟ್ಟು, ಕೊನೆಯ ತುಂಡು ಎಂದು ಕರಗಿತು ಎಂದು ನೋಡುತ್ತಾರೆ. ನೀವು ಐಸ್ ತುಂಬುವುದು ಪೆಟ್ಟಿಗೆಯ ಕಾಲು ಭಾಗಕ್ಕೆ, ಇಡುವುದು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ. ಗಾಜು ಏರಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದಕ್ಕೆ ಹೆಚ್ಚು ಹೊತ್ತು ಬೇಡ. ನಿಮಗೆ ಬೇಕಿರುವುದೂ ಹನ್ನೆರಡು ಗಂಟೆಯ ತಂಪು, ಐದು ದಿನದ್ದಲ್ಲ.

ಇನ್ನು ಗೋಡೆ. ಗಟ್ಟಿ ಪೆಟ್ಟಿಗೆಗಳಲ್ಲಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಪಫ್, ಅಂದರೆ ಪಾಲಿಯುರೆಥೇನ್ ಫೋಮ್, ತುಂಬಿರುತ್ತಾರೆ. ಹಾಲಿನ ಟ್ಯಾಂಕರಿನಲ್ಲೂ ಕೋಲ್ಡ್ ಸ್ಟೋರೇಜಿನ ಗೋಡೆಯಲ್ಲೂ ಇರುವುದು ಇದೇ. ಒಂದೇ ದಪ್ಪದ ಥರ್ಮೋಕೋಲಿಗಿಂತ ಪಫ್ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಾಖ ಬಿಡುತ್ತದೆ. 45 ಲೀಟರಿನ ಪೆಟ್ಟಿಗೆಗೆ ಸುತ್ತಲೂ 3 ಸೆಂ.ಮೀ. ಪಫ್ ಇದ್ದರೆ ಹೊರಗೆ 32, 33 ಡಿಗ್ರಿ ಇರುವಾಗ ಗಂಟೆಗೆ ಕಾಲು ಕೆ.ಜಿ.ಗಿಂತ ತುಸು ಕಡಿಮೆ ಐಸ್ ಕರಗುತ್ತದೆ. ಗೋಡೆ ದುಪ್ಪಟ್ಟಾದರೆ ಅದರ ಅರ್ಧ. ರೊಟೋಮೋಲ್ಡ್ ಎಂದು ಮಾರುವ 5, 6 ಸೆಂ.ಮೀ. ಗೋಡೆಯ ಪೆಟ್ಟಿಗೆಗಳು ಹಾಗಿರುತ್ತವೆ. ಖಾಲಿಯಿದ್ದಾಗಲೇ ಹತ್ತು ಹನ್ನೆರಡು ಕೆ.ಜಿ. ತೂಗುತ್ತವೆ. ನಿಮ್ಮ ಸೊಂಟಕ್ಕೂ ನಿಮ್ಮ ಒಂದು ದಿನದ ತಿರುಗಾಟಕ್ಕೂ ಅದು ಒಗ್ಗದು.

ದೊಡ್ಡದೇ ಅಗ್ಗ ಏಕೆ ಎಂಬುದಕ್ಕೆ ಉತ್ತರ ಬಹುತೇಕ ಮುಚ್ಚಳದಲ್ಲಿ ಸಿಗುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ನಾಲ್ಕು ಗೋಡೆಗೆ ಪಫ್ ಹಾಕಿ ಮುಚ್ಚಳವನ್ನು ಟೊಳ್ಳು ಬಿಡುವುದು ತೀರಾ ಸಾಮಾನ್ಯ. ಬೆರಳ ಗೆಣ್ಣಿನಿಂದ ಗೋಡೆಗೊಮ್ಮೆ, ಮುಚ್ಚಳಕ್ಕೊಮ್ಮೆ ತಟ್ಟಿ. ಗೋಡೆ ‘ದಬ್’ ಎಂದು, ಮುಚ್ಚಳ ಖಾಲಿ ಬಕೆಟ್ಟಿನಂತೆ ‘ಡಣ್’ ಎಂದರೆ ಒಳಗೆ ಬರೀ ಗಾಳಿ. ನೆರಳಲ್ಲಿ ಅದರಿಂದ ಗಂಟೆಗೆ ನೂರು ಗ್ರಾಂನಷ್ಟು ಹೆಚ್ಚು ಐಸ್ ಹೋಗುತ್ತದೆ. ಬಿಸಿಲು ನೇರ ಬಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಬಿಸಿಲು ಬೀಳುವುದೇ ಮುಚ್ಚಳದ ಮೇಲೆ. ಟೊಳ್ಳು ಮುಚ್ಚಳಕ್ಕೆ ತೂತು ಕೊರೆದು ಸ್ಪ್ರೇ ಫೋಮ್ ತುಂಬುವ ಉಪಾಯ ಹೇಳುವವರಿದ್ದಾರೆ. ಡಬ್ಬಿಯಲ್ಲಿ ಬರುವ ಆ ಫೋಮ್ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಮುಚ್ಚಿದ ಟೊಳ್ಳಿನಲ್ಲಿ ಹಸಿಯಾಗಿಯೇ ಉಳಿಯುತ್ತದೆ, ಇಲ್ಲವೇ ಉಬ್ಬಿ ಮುಚ್ಚಳವನ್ನೇ ಸೊಟ್ಟ ಮಾಡುತ್ತದೆ. ಅದರ ಬದಲು 2 ಸೆಂ.ಮೀ. ಥರ್ಮೋಕೋಲ್ ಹಾಳೆಯನ್ನು ಪೆಟ್ಟಿಗೆಯ ಬಾಯಿಯ ಅಳತೆಗೆ ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸಾಮಾನಿನ ಮೇಲೆ ಹೊದಿಸಿಬಿಡಿ. ನಿಮ್ಮ ಒಡೆದ ಪೆಟ್ಟಿಗೆಯ ಮುಚ್ಚಳವೇ ಇದಕ್ಕೆ ಸಾಕು.

ಈಗ ಚಕ್ರಕ್ಕೆ ಬರೋಣ. ಕೊಳ್ಳುವವರು ಚಕ್ರ ಇದೆಯೇ ಎಂದಷ್ಟೇ ನೋಡುತ್ತಾರೆ. ನೋಡಬೇಕಾದದ್ದು ಅದರ ಎತ್ತರ, ಅಗಲ ಮತ್ತು ಇರುಸು.

ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಸುಮ್ಮನೆ ಇಡಲಿಲ್ಲ. ಕಬ್ಬಿನ ಗದ್ದೆಯ ಬದು, ಕಲ್ಲು, ಕೊರಕಲು ದಾಟಬೇಕು ಅದು. ಚಕ್ರ ಸಣ್ಣದಾದಷ್ಟೂ ಅದೇ ಕಲ್ಲು ಅದಕ್ಕೆ ಗೋಡೆಯಾಗುತ್ತದೆ. ತುಂಬಿದ ಪೆಟ್ಟಿಗೆ 30 ಕೆ.ಜಿ. ಎನ್ನಿ, ಹಿಡಿ ಹಿಡಿದು ಓರೆ ಮಾಡಿದಾಗ ಚಕ್ರದ ಮೇಲೆ 20 ಕೆ.ಜಿ. ಬೀಳುತ್ತದೆ ಎನ್ನಿ. ದಾರಿಯಲ್ಲಿ 2 ಸೆಂ.ಮೀ. ಎತ್ತರದ ಕಲ್ಲು ಅಡ್ಡ ಬಂತು. ಚಕ್ರ 10 ಸೆಂ.ಮೀ. ವ್ಯಾಸದ್ದಾದರೆ ಅದನ್ನು ಹತ್ತಿಸಲು ಸುಮಾರು 27 ಕೆ.ಜಿ. ಎಳೆತ ಬೇಕು, ಅಂದರೆ ಎಳೆಯುವುದಕ್ಕಿಂತ ಎತ್ತಿ ದಾಟಿಸುವುದೇ ಲೇಸು. ವ್ಯಾಸ 15 ಸೆಂ.ಮೀ. ಆದರೆ 18 ಚಿಲ್ಲರೆ, 20 ಸೆಂ.ಮೀ. ಆದರೆ 15. ಅಗ್ಗದ ಪೆಟ್ಟಿಗೆಗಳ ಚಕ್ರ 8ರಿಂದ 10 ಸೆಂ.ಮೀ. ಇರುತ್ತದೆ. ಮಾಲ್‌ನ ನೆಲಕ್ಕೆ, ಮದುವೆ ಛತ್ರದ ಗ್ರಾನೈಟಿಗೆ ಅದು ಚೆನ್ನ. ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ, 15 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಚಕ್ರಕ್ಕೆಂದು ಹೆಚ್ಚು ಹಣ ಕೊಡಬೇಡಿ.

ತಲಕಾಡಿನ ಮರಳಿನಲ್ಲಿ ವ್ಯಾಸವೊಂದೇ ಸಾಲದು, ಅಗಲವೂ ಬೇಕು. ಎರಡು ಬೆರಳಗಲದ ಗಟ್ಟಿ ಪ್ಲಾಸ್ಟಿಕ್ ಚಕ್ರ ಮರಳನ್ನು ಕೊಯ್ದುಕೊಂಡು ಹೂತು, ತಿರುಗುವುದನ್ನೇ ನಿಲ್ಲಿಸುತ್ತದೆ. ಆಮೇಲೆ ನೀವು ಎಳೆಯುವುದು ಗಾಡಿಯನ್ನಲ್ಲ, ನೇಗಿಲನ್ನು. 7, 8 ಸೆಂ.ಮೀ. ಅಗಲದ ಚಕ್ರವಾದರೆ ಗಟ್ಟಿ ಮರಳಿನಲ್ಲಿ ಸಾಗಬಹುದು. ಪುಡಿ ಮರಳಿನಲ್ಲಿ ಯಾವ ಪೆಟ್ಟಿಗೆಯ ಚಕ್ರವೂ ನಡೆಯದು, ಇಬ್ಬರು ಹಿಡಿದು ನಡೆಯುವುದೇ ಗತಿ. ಯಾವಾಗಲೂ ಎಳೆಯಿರಿ, ತಳ್ಳಬೇಡಿ. ಎಳೆಯುವಾಗ ಕೈ ಪೆಟ್ಟಿಗೆಯನ್ನು ತುಸು ಮೇಲಕ್ಕೂ ಎತ್ತುತ್ತದೆ, ತಳ್ಳುವಾಗ ಅದನ್ನು ಮರಳಿಗೇ ಒತ್ತುತ್ತದೆ. ಇನ್ನು ಶಿವನಸಮುದ್ರದ ಭರಚುಕ್ಕಿ ಜಲಪಾತದ ಮೆಟ್ಟಿಲು, ಮೇಲುಕೋಟೆಯ ಬೆಟ್ಟದ ಮೆಟ್ಟಿಲಿಗೆ ಚಕ್ರ ಬರೀ ಹೆಚ್ಚುವರಿ ತೂಕ.

ಇರುಸಿನ ಕಡೆ ಕಣ್ಣು ಹಾಯಿಸುವವರು ಇನ್ನೂ ಕಡಿಮೆ, ಮುರಿಯುವುದು ಮಾತ್ರ ಅಲ್ಲೇ. ಪೆಟ್ಟಿಗೆಯನ್ನು ಮಗುಚಿ ನೋಡಿ. ಒಂದು ಚಕ್ರದಿಂದ ಇನ್ನೊಂದಕ್ಕೆ ಉದ್ದಕ್ಕೂ ಕಬ್ಬಿಣದ ಸರಳು ಹಾದುಹೋಗಿದ್ದರೆ ಒಳ್ಳೆಯದು. ಗೋಡೆಯಿಂದ ಹೊರಚಾಚಿದ ಪ್ಲಾಸ್ಟಿಕ್ ಮೊಳೆಯಂಥದ್ದಕ್ಕೆ ಚಕ್ರ ಸಿಕ್ಕಿಸಿದ್ದರೆ, ತುಂಬಿದ ಭಾರದಲ್ಲಿ ಎರಡು ಸಲ ರಸ್ತೆಯಂಚಿನಿಂದ ಧಪ್ ಎಂದು ಇಳಿಸಿದರೆ ಸಾಕು, ಬುಡದಲ್ಲಿ ಸೀಳುತ್ತದೆ. ಸರಳಿನ ತುದಿಯಲ್ಲಿ ಚಕ್ರ ಹಿಡಿದಿಡುವ ತೆಳು ಕ್ಯಾಪ್ ವಾಷರ್ ಇರುತ್ತದೆ. ಮರಳು ಸಿಕ್ಕಿ ಅದು ಸಡಿಲಾಗಿ ಎಲ್ಲೋ ಉದುರಿ, ಹಿಂದೆಯೇ ಚಕ್ರವೂ ಉದುರುತ್ತದೆ. ಸರಳಿನ ತುದಿಗೆ ತೂತು ಹಾಕಿ ವಾಷರ್ ಮತ್ತು ತುದಿ ಅಗಲಿಸಿ ಮಡಚುವ ಪಿನ್ ಹಾಕಿಸಿಕೊಂಡರೆ ಆ ಕಾಟ ತಪ್ಪಿತು, ಊರಿನ ಯಾವ ಸೈಕಲ್ ಷಾಪಿನವರೂ ಮಾಡಿಕೊಡುತ್ತಾರೆ. ಚಕ್ರದ ಗೂಡಿಗಾಗಿ ಒಳಗಡೆ ಎರಡು ಮೂಲೆ ಉಬ್ಬಿರುತ್ತವೆ, ಅಲ್ಲಿ ಪಫ್ ತೆಳುವಾಗಿರುತ್ತದೆ. ಆ ಮೂಲೆಗಳಲ್ಲಿ ಬಿರುಕು ಬಿದ್ದರೆ ನೀರು ಗೋಡೆಯೊಳಗೆ ಇಳಿಯುತ್ತದೆ. ಒಣಗಿಸಿದರೂ ಪೆಟ್ಟಿಗೆ ಮೊದಲಿಗಿಂತ ಭಾರ ಎನಿಸಿದರೆ, ಅಲುಗಿಸಿದಾಗ ಗೋಡೆಯೊಳಗೆ ನೀರು ಗುಳುಗುಳು ಅಂದರೆ, ಅದರ ಆಯಸ್ಸು ಮುಗಿಯಿತು.

ಹಿಡಿ ಎರಡು ಬಗೆ. ಸೂಟ್‌ಕೇಸಿನಂತೆ ಉದ್ದಕ್ಕೆ ಎಳೆಯುವ ಕೊಳವೆ ಹಿಡಿ ನೆಟ್ಟಗೆ ನಿಂತು ನಡೆಯುವುದಕ್ಕೆ ಅನುಕೂಲ, ಸೊಂಟ ನೋವಿನವರಿಗೆ ಅದೇ ವಾಸಿ. ಆದರೆ ಕೊಳವೆಯೊಳಗೆ ಮರಳು ಕೂತರೆ ಗುಂಡಿ ಕಚ್ಚಿಕೊಳ್ಳುತ್ತದೆ, ಮತ್ತು ಅದನ್ನು ಹಿಡಿದು ಪೆಟ್ಟಿಗೆ ಎತ್ತಿದರೆ ಕೊಳವೆ ಬಾಗುತ್ತದೆ. ಮಡಚುವ ದಪ್ಪ ಹಿಡಿ ಗಟ್ಟಿಮುಟ್ಟು. ಆದರೆ ಗಿಡ್ಡವಿದ್ದರೆ ಬಗ್ಗಿ ಎಳೆಯಬೇಕು, ಪೆಟ್ಟಿಗೆ ಹಿಮ್ಮಡಿಗೆ ಬಡಿಯುತ್ತದೆ. ಯಾವುದೇ ಆಗಲಿ, ಐಸನ್ನು ಚಕ್ರದ ಬದಿಗೆ ತುಂಬಿ. ಭಾರ ಇರುಸಿನ ಮೇಲೆ ಕೂತಷ್ಟೂ ಕೈಗೆ ಹಗುರ.

ಆದರೂ ನಿಮ್ಮ ಸೊಂಟಕ್ಕೆ ನಿಜವಾದ ಪರೀಕ್ಷೆ ದಾರಿಯಲ್ಲಿಲ್ಲ, ಡಿಕ್ಕಿಯಲ್ಲಿದೆ. ನೆಲದಿಂದ ಡಿಕ್ಕಿಯ ಅಂಚಿಗೆ ತೊಡೆ ಮಟ್ಟದ ತನಕ 30 ಕೆ.ಜಿ. ಏರಿಸುವಾಗ, ಇಳಿಸುವಾಗ ಚಕ್ರ ಸುಮ್ಮನೆ ನೋಡುತ್ತಿರುತ್ತದೆ. 60 ಲೀಟರಿನದನ್ನು ತುಂಬಿದರೆ 45 ಕೆ.ಜಿ. ಆಗುತ್ತದೆ. ಜಾಗವಿದೆ ಎಂದರೆ ನಾವು ತುಂಬದೆ ಬಿಡುವವರಲ್ಲ.

ನಿಮ್ಮ ಎಂಟು ಜನಕ್ಕೆ ಎಷ್ಟು ಬೇಕು ನೋಡಿ. ಫ್ರಿಜ್ಜಿನಲ್ಲಿ ತಣಿಸಿದ ನೀರು, ಮಜ್ಜಿಗೆ, ಜ್ಯೂಸ್ 10 ಲೀಟರ್. ಊಟ, ಹಣ್ಣು 7 ಕೆ.ಜಿ. ಹನ್ನೆರಡು ಗಂಟೆಯಲ್ಲಿ 3 ಸೆಂ.ಮೀ. ಗೋಡೆ ನುಂಗುವ ಐಸ್ 3 ಕೆ.ಜಿ.ಗೆ ಹತ್ತಿರ, ಪೆಟ್ಟಿಗೆಯನ್ನೇ ತಣಿಸಲು ಅರ್ಧ ಕೆ.ಜಿ. ಬಿಸಿಲಿಗೆ, ಮರೆವಿಗೆ ಎಂದು ಒಂದೂವರೆಪಟ್ಟು ಇಟ್ಟುಕೊಂಡರೂ 5, 6 ಕೆ.ಜಿ. ಸಾಕು. ಸಂದಿಗೊಂದಿ ಸೇರಿ ಎಲ್ಲವೂ 36, 37 ಲೀಟರಿನಲ್ಲಿ ಕೂರುತ್ತದೆ. ಹಾಗಾಗಿ 60 ಲೀಟರಿನದು ಬೇಡವೇ ಬೇಡ. 45 ಲೀಟರಿನದು ನಾನು ಹೇಳಿದ ಪರೀಕ್ಷೆಗಳಲ್ಲಿ ಗೆದ್ದರೆ, ಡಿಕ್ಕಿಗೆ ಏರಿಸಲು ಯಾವಾಗಲೂ ಇಬ್ಬರು ಗಟ್ಟಿಗರು ಇದ್ದರೆ, ತಗೊಳ್ಳಿ.

ಆದರೆ ನೀವು ಪಟ್ಟಿ ಮಾಡಿದ ಊರುಗಳನ್ನು ನೋಡಿದರೆ ನನ್ನ ಮನಸ್ಸು ಮೂರನೆಯ ದಾರಿಗೆ ವಾಲುತ್ತದೆ. 22ರಿಂದ 25 ಲೀಟರಿನ, ಚಕ್ರವಿಲ್ಲದ ಎರಡು ಪಫ್ ಪೆಟ್ಟಿಗೆ, ಜೊತೆಗೆ ಮಡಚುವ ಲಗೇಜ್ ಟ್ರಾಲಿ ಒಂದು. ಪೆಟ್ಟಿಗೆ ಒಂದೊಂದೂ ತುಂಬಿದಾಗ 14, 15 ಕೆ.ಜಿ. ಇಬ್ಬರು ಹಿಡಿದರೆ ತಲಾ ಏಳು. ಮೆಟ್ಟಿಲಿದ್ದರೆ ಕೈಯಲ್ಲಿ, ಸಮತಟ್ಟಿದ್ದರೆ ಟ್ರಾಲಿಯ ಮೇಲೆ. ಚಕ್ರ ಮುರಿದರೆ ಟ್ರಾಲಿ ಮಾತ್ರ ಹೋಯಿತು, ಪೆಟ್ಟಿಗೆ ಉಳಿಯಿತು. ಒಂದರಲ್ಲಿ ಬರೀ ಕುಡಿಯುವುದು, ಇನ್ನೊಂದರಲ್ಲಿ ಊಟ. ಮಕ್ಕಳು ನೀರಿಗೆಂದು ನೂರು ಸಲ ತೆರೆದು ಕೈಯಾಡಿಸಿದರೂ ಊಟದ ಪೆಟ್ಟಿಗೆ ಅಲುಗುವುದಿಲ್ಲ. ನಷ್ಟವೂ ಇದೆ, ಹೇಳಿಬಿಡುತ್ತೇನೆ. ಒಂದು ದೊಡ್ಡದಕ್ಕಿಂತ ಎರಡು ಸಣ್ಣವಕ್ಕೆ ಹೊರಮೈ ಕಾಲು ಭಾಗ ಹೆಚ್ಚು, ಹಾಗಾಗಿ ದಿನಕ್ಕೆ ಮುಕ್ಕಾಲು ಕೆ.ಜಿ. ಐಸ್ ಜಾಸ್ತಿ ಬೇಕು. ಟ್ರಾಲಿಯ ಹಗ್ಗ ಬಿಗಿಯಾಗಿ ಕಟ್ಟದಿದ್ದರೆ ತಿರುವಿನಲ್ಲಿ ಮೇಲಿನ ಪೆಟ್ಟಿಗೆ ಬೀಳುತ್ತದೆ.

ಭಾವಮೈದನ 12 ವೋಲ್ಟ್ ಸಲಹೆಗೆ ಚಿಕ್ಕ ಉತ್ತರ. ಕಡಿಮೆ ಬೆಲೆಯವು ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಗಳು, ಅಂದರೆ ಕಂಪ್ರೆಸರ್ ಇಲ್ಲದೆ ಬರೀ ವಿದ್ಯುತ್ತಿನಿಂದ ತಣಿಸುವಂಥವು, ಹೊರಗಿನ ಉಷ್ಣಾಂಶಕ್ಕಿಂತ 15ರಿಂದ 20 ಡಿಗ್ರಿ ಕೆಳಗೆ ಇಳಿಸಬಲ್ಲವು, ಅಷ್ಟೇ. ನಿಂತ ಕಾರಿನೊಳಗೆ 50 ಡಿಗ್ರಿ ಇದ್ದರೆ ಪೆಟ್ಟಿಗೆಯೊಳಗೆ 30! ಸುಮಾರು 4 ಆಂಪಿಯರ್ ಎಳೆಯುತ್ತವೆ. ಎಂಜಿನ್ ಆಫ್ ಮಾಡಿ ನಾಲ್ಕು ಗಂಟೆ ಬಿಟ್ಟರೆ ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯ ಅರ್ಧದ ಹತ್ತಿರ ಖಾಲಿ. ಮುತ್ತತ್ತಿ ಕಾಡಿನೊಳಗಿರುವ ಜಾಗ, ಅಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಯಾರನ್ನು ಕರೆಯುತ್ತೀರಿ? ಕಂಪ್ರೆಸರ್ ಇರುವವು ನಿಜವಾದ ಫ್ರಿಜ್‌ಗಳು, ಕೆಲಸ ಚೆನ್ನಾಗಿ ಮಾಡುತ್ತವೆ, ಬೆಲೆ ನಿಮ್ಮ ಬಜೆಟ್ಟಿನ ಹಲವು ಪಟ್ಟು.

ಇನ್ಸುಲಿನ್ ಬಗ್ಗೆ ಎಚ್ಚರಿಕೆ ಬೇಕಿರುವುದು ಬಿಸಿಗಿಂತ ಐಸಿನ ವಿಷಯದಲ್ಲಿ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿ ನೋಡಲು ಮೊದಲಿನಂತೆಯೇ ಇದ್ದರೂ ಕೆಲಸಕ್ಕೆ ಬಾರದು, ಎಸೆಯಬೇಕು. ಬಳಕೆಯಲ್ಲಿರುವ ಪೆನ್ ಅಥವಾ ಸೀಸೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ ನಾಲ್ಕು ವಾರ ಇರುತ್ತದೆ, ನಿಖರ ಅವಧಿ ಅದರ ಚೀಟಿಯಲ್ಲೇ ಬರೆದಿರುತ್ತದೆ. ಒಂದು ದಿನದ ಮಟ್ಟಿಗೆ ಅದಕ್ಕೆ ಐಸ್ ಬಾಕ್ಸೇ ಬೇಡ. ಒದ್ದೆ ಬಟ್ಟೆ ಸುತ್ತಿದ ಚೀಲದಲ್ಲಿ ಇಟ್ಟು, ಕಾರಿನಲ್ಲಿ ಬಿಡದೆ, ತಂದೆಯವರ ಜೊತೆಗೇ ಇರಲಿ. ತೆರೆಯದ ಸೀಸೆಯಾದರೆ 2ರಿಂದ 8 ಡಿಗ್ರಿ ಬೇಕು. ಅದನ್ನು ಡಬ್ಬಿಯಲ್ಲಿಟ್ಟು ಟವೆಲ್ ಸುತ್ತಿ ಊಟದ ಡಬ್ಬಿಗಳ ನಡುವೆ ಇಡಿ. ಐಸಿನ ಬಾಟಲಿಗೆ ತಾಗಲೇಬಾರದು.

ಮೊಸರನ್ನದ ಹುಳಿಗೆ ಮನೆಯ ಹಿರಿಯರ ಮದ್ದೇ ಸರಿ. ಅನ್ನ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ ಒಂದೆರಡು ಚಮಚ ಮೊಸರು ಬೆರೆಸಿ, ಪೆಟ್ಟಿಗೆಗೆ ತಣ್ಣಗೇ ಸೇರಿಸಿ. ಬಿಸಿ ಬಿಸಿ 2 ಕೆ.ಜಿ. ಅನ್ನ ಒಳಗಿಟ್ಟರೆ ಅದೊಂದೇ ಒಂದು ಕೆ.ಜಿ.ಗೂ ಹೆಚ್ಚು ಐಸ್ ತಿನ್ನುತ್ತದೆ. ಬೇಯಿಸಿದ ಅನ್ನ ಬೆಚ್ಚಗಿನ ಹವೆಯಲ್ಲಿ ಗಂಟೆಗಟ್ಟಲೆ ಕೂತರೆ ಅದರಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವಂಥದ್ದಲ್ಲ. ಹಸಿ ಕೋಳಿ ಒಯ್ಯುವುದಾದರೆ ಸೋರದ ಡಬ್ಬಿಯಲ್ಲಿ, ತಳದಲ್ಲಿ. ನಂಜನಗೂಡು ರಸಬಾಳೆಯನ್ನು ಐಸಿಗೆ ಹಾಕಬೇಡಿ, ಬಾಳೆಹಣ್ಣಿನ ಸಿಪ್ಪೆ 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಮದ್ದೂರು ವಡೆಯ ಗತಿ ಅಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

ಐಸ್ ಮನೆಯಲ್ಲೇ ಮಾಡಿ. ಒಂದು ಲೀಟರಿನ ಬಾಟಲಿಗೆ 900 ಮಿ.ಲೀ. ಮಾತ್ರ ತುಂಬಿ, ನೀರು ಗಟ್ಟಿಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ. ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಆರು ಬಾಟಲಿ ಒಟ್ಟಿಗೆ ಗಟ್ಟಿಯಾಗಲು ಒಂದು ರಾತ್ರಿ ಸಾಲದು, ಎರಡು ರಾತ್ರಿ ಮೊದಲೇ ಇಡಿ. ಐಸ್ ಫ್ಯಾಕ್ಟರಿಯ ಗಡ್ಡೆ ತರುವುದಾದರೆ ಅದು ಬಾಟಲಿಯ ಹೊರಗೆ ಮಾತ್ರ ಇರಲಿ, ಲೋಟಕ್ಕೆ ಬೇಡ. ತಿನ್ನಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮ 2018ರಿಂದ ಇದೆ. ಬಣ್ಣ ಕಾಣದ ಗಡ್ಡೆಯೆಲ್ಲ ಕುಡಿಯುವ ನೀರಿನದೇ ಎಂದು ನಂಬಿಬಿಡಬೇಡಿ.

ಹಿಂದಿನ ರಾತ್ರಿ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಒಂದು ಗಟ್ಟಿಯಾದ ಬಾಟಲಿ ಒಳಗಿಟ್ಟು ಮುಚ್ಚಿ. ಬೆಳಿಗ್ಗೆ ಅದನ್ನು ತೆಗೆದು, ಹೊಸ ಬಾಟಲಿಗಳಲ್ಲಿ ಅರ್ಧ ತಳಕ್ಕೆ, ಅರ್ಧ ಮೇಲಕ್ಕೆ ಇಡಿ. ತಂಪು ಕೆಳಗಿಳಿಯುವ ಜಾತಿ. ಅದರ ಮೇಲೆ ಥರ್ಮೋಕೋಲ್ ಹಾಳೆ. ಜಾಗ ತಲುಪಿದ ಮೇಲೆ ಪೆಟ್ಟಿಗೆಯನ್ನು ಕಾರಿನಿಂದ ಇಳಿಸಿ ಮರದ ನೆರಳಲ್ಲಿಟ್ಟು, ಒದ್ದೆ ಗೋಣಿಚೀಲ ಹೊದಿಸಿ, ಗಂಟೆಗೊಮ್ಮೆ ನೀರು ಚಿಮುಕಿಸಿ. ಮಡಕೆ ನೀರು ತಣಿಯುವ ಅದೇ ಕ್ರಮ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಪೆಟ್ಟಿಗೆಯ ಹೊರಮೈ ಏಳೆಂಟು ಡಿಗ್ರಿ ಇಳಿಯುತ್ತದೆ. ಮಳೆಗಾಲದಲ್ಲಿ ಇದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಮುತ್ತತ್ತಿಯಲ್ಲೂ ಮೇಲುಕೋಟೆಯಲ್ಲೂ ಕೋತಿಗಳಿವೆ, ಒತ್ತಿ ಮುಚ್ಚುವ ಮುಚ್ಚಳ ಅವಕ್ಕೆ ಲೆಕ್ಕಕ್ಕಿಲ್ಲ. ಕೊಂಡಿ ಹಾಕುವಂಥದ್ದೇ ಇರಲಿ.

ಅಂಗಡಿಯಲ್ಲಿ ‘ಕೂಲರ್’ ಎಂದರೆ ಏರ್ ಕೂಲರ್ ಮುಂದೆ ನಿಲ್ಲಿಸುತ್ತಾರೆ, ‘ಐಸ್ ಬಾಕ್ಸ್’ ಎನ್ನಿ. ಮುಚ್ಚಳ ತಟ್ಟಿದ್ದಾಯಿತು, ಚಕ್ರ ಅಳೆದದ್ದಾಯಿತು. ಒಂದು ಹತ್ತು ರೂಪಾಯಿ ನೋಟನ್ನು ಮುಚ್ಚಳದ ಅಂಚಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ, ನಾಲ್ಕೂ ಬದಿ ಬಿಗಿ ಇರಬೇಕು. ನೀವು ಬಳಸುವ ಬಾಟಲಿಯೊಂದನ್ನು ಒಯ್ದು ನೆಟ್ಟಗೆ ನಿಲ್ಲುತ್ತದೆಯೇ ನೋಡಿ. ಮುಚ್ಚಳದ ಕೀಲು ತೆಳು ಪ್ಲಾಸ್ಟಿಕ್ ಮಡಿಕೆಯೇ, ಪಿನ್ ಹಾಕಿ ಬದಲಾಯಿಸಬಹುದಾದದ್ದೇ ನೋಡಿ. ಮಡಿಕೆ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಸೀಳುತ್ತದೆ. ನೀರು ಬಿಡುವ ಬಿರಡೆ ತಿರುಪಿನದಿರಲಿ, ಜೊತೆಗೆ ದಾರವೋ ಸರಪಳಿಯೋ ಇರಲಿ, ಕಳೆದುಹೋಗುವ ಮೊದಲ ವಸ್ತು ಅದು. ಚಕ್ರದ್ದನ್ನು ಕೊಳ್ಳುವುದಾದರೆ 10 ಕೆ.ಜಿ.ಯ ಎರಡು ಅಕ್ಕಿ ಚೀಲ ಒಳಗಿಟ್ಟು ಅಂಗಡಿಯ ಮುಂದಿನ ಮೆಟ್ಟಿಲು ಇಳಿಸಿ, ಹತ್ತಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮನೆಗೆ ತಂದ ರಾತ್ರಿ ಇನ್ನೊಂದು ಪರೀಕ್ಷೆ. 8 ಗಂಟೆಗೆ 6 ಕೆ.ಜಿ. ಬಿಡಿ ಐಸ್ ತೂಗಿ ಹಾಕಿ ಮುಚ್ಚಿಡಿ. ಬೆಳಿಗ್ಗೆ 8ಕ್ಕೆ ಬಿರಡೆ ತೆಗೆದು ನೀರನ್ನು ಅಳೆಯಿರಿ. 45 ಲೀಟರಿನ ಪೆಟ್ಟಿಗೆಗೆ ಮೂರು ಲೀಟರ್ ಆಸುಪಾಸು ಬಂದರೆ ಸರಿಯಾಗಿದೆ. ನಾಲ್ಕೂವರೆ ದಾಟಿದರೆ ಮುಚ್ಚಳವೋ ಅದರ ಅಂಚಿನ ರಬ್ಬರ್ ಪಟ್ಟಿಯೋ ಕೈಕೊಟ್ಟಿದೆ. ಅಲ್ಲಿಯವರೆಗೆ ಸ್ಟಿಕ್ಕರ್ ಕೀಳಬೇಡಿ, ಬಿಲ್ ಜೋಪಾನವಾಗಿರಲಿ, ಬದಲಾಯಿಸಿಕೊಡುವ ಗಡುವು ಎಷ್ಟು ದಿನ ಎಂದು ಹಣ ಕೊಡುವಾಗಲೇ ಬಿಲ್ ಮೇಲೆ ಬರೆಸಿಕೊಳ್ಳಿ.